ತೊಟ್ಟು ಹಿಡಿದು ಎತ್ತುವವಳು

ನಾನು ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದ ತಿಕೋಟಾದ ಶೆಡ್ಡಿನಲ್ಲಿ, ವಿಲಾಯತಿಗೆ ಹೋಗುವ ದ್ರಾಕ್ಷಿ ಆರಿಸುವ ಹೆಂಗಸೊಬ್ಬಳಿದ್ದಳು. ಗೊಂಚಲನ್ನು ತೊಟ್ಟು ಹಿಡಿದೇ ಎತ್ತುತ್ತಿದ್ದಳು. ಹಣ್ಣಿನ ಮೇಲೆ ತಾನಾಗಿ ಕೂಡುವ ಬಿಳಿ ಪುಡಿ ಅಳಿಸಿದರೆ ಅಲ್ಲಿಯವರು ಕೊಳ್ಳುವುದಿಲ್ಲ. ಹೊಸಬರಿಗೆಲ್ಲ ಅವಳದು ಒಂದೇ ಮಾತು: "ಕೈ ಹತ್ತಬಾರದು ನೋಡ್ರಿ." ಮನೆಯಲ್ಲಿ ಬದನೆಕಾಯಿಯನ್ನೂ ಹಾಗೇ ಹಿಡಿಯುತ್ತಿದ್ದಳಂತೆ. ಶೆಡ್ಡು ನಿಂತದ್ದು ಅವಳು ಹಿಂದೆ ಜೋಳ ಕೊಯ್ದ ಹೊಲದಲ್ಲಿ. ಈಗ ಅವಳ ಮನೆಗೆ ಜೋಳ ಪೇಟೆಯ ಗಾಂಧಿ ಚೌಕದ ಅಂಗಡಿಯಿಂದ ಬರುತ್ತಿತ್ತು.

ಒಮ್ಮೆ ಹಣ್ಣು ಕೊಳ್ಳುವ ಸಾಹೇಬನೇ ವಿಲಾಯತಿಯಿಂದ ಬಂದ. ಗೊಂಚಲೊಂದನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಹಣ್ಣು ಕಿತ್ತು ತಿಂದು, ಉಳಿದದ್ದನ್ನು ಪೆಟ್ಟಿಗೆಗೆ ಹಾಕಿದ.

ಅವಳು ಅದನ್ನು ತೆಗೆದು ಹೊರಗಿಟ್ಟಳು. "ಕೈ ಹತ್ತೇತ್ರಿ."

ಶೆಡ್ಡಿನ ಮಾಲೀಕರು ಅದನ್ನು ಮರಳಿ ಪೆಟ್ಟಿಗೆಯಲ್ಲೇ ಇಟ್ಟರು. "ಅವರ ಕೈ ನಡೀತೈತಿ ಬೇ."

ಅವಳು ತನ್ನ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಅವಕ್ಕೆ ಏನೂ ಅಂಟಿರಲಿಲ್ಲ.