ಗದ್ದುಗೆಯ ಮೇಲೆ ಕುಳಿತ ಅತಿಥಿ

ಐವತ್ತರ ದಶಕದ ಮಧ್ಯದಲ್ಲಿ ನಾನು ಸೋಲಾಪುರದ ಒಂದು ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಇಂಗ್ಲಿಷ್, ಮರಾಠಿ, ಕನ್ನಡ ಮೂರೂ ಬರುತ್ತಿದ್ದುದರಿಂದ, ಮುಂಬಯಿಯಿಂದ ಬಂದ ಒಬ್ಬ ಅಮೆರಿಕನ್ ರಾಜತಾಂತ್ರಿಕರಿಗೆ ದುಭಾಷಿಯಾಗುವ ಕೆಲಸ ನನ್ನ ಪಾಲಿಗೆ ಬಂತು. ಅವರು ಹುಟ್ಟಿದ್ದು ಯುರೋಪಿನಲ್ಲಿ. ಅಮೆರಿಕಕ್ಕೆ ವಲಸೆ ಹೋಗಿ, ಬಹಳ ಕಾಲ ರಾಜ್ಯಶಾಸ್ತ್ರ ಕಲಿಸಿ, ಆಮೇಲೆ ಸರಕಾರದ ಕೆಲಸಕ್ಕೆ ಸೇರಿದವರು. ಹಳ್ಳಿಯವರು ನ್ಯಾಯ ಹೇಗೆ ಬಗೆಹರಿಸಿಕೊಳ್ಳುತ್ತಾರೆಂದು ನೋಡುವ ಆಸೆ ಅವರಿಗೆ.

ಅಕ್ಕಲಕೋಟೆಯ ಆಚೆ, ಕರಜಗಿ ಕಡೆಯ ಒಂದು ಊರಿನಲ್ಲಿ ಕುರುಬರ ದೇವರಾದ ಬೀರೋಬನ ಗುಡಿಯ ಮುಂದೆ ಪಂಚರು ಸೇರಿದ್ದರು. ಕುರಿ ಸಾಕುವ ಅಣ್ಣತಮ್ಮಂದಿರ ವ್ಯಾಜ್ಯ. ಹಿಂಡು ಒಡೆಯುವುದಿಲ್ಲವೆಂದು ಸಾಯುವ ತಂದೆಗೆ ತಮ್ಮ ಮಾತು ಕೊಟ್ಟಿದ್ದ ಎನ್ನುವುದು ಅಣ್ಣನ ವಾದ. ಕೊಟ್ಟೇ ಇಲ್ಲ ಎಂದು ತಮ್ಮ. ಅದನ್ನು ಅವನು ದೇವರ ಅರಿಸಿನಪುಡಿಯಾದ ಭಂಡಾರವನ್ನು ಮುಟ್ಟಿ ಹೇಳಬೇಕಿತ್ತು. ಒಮ್ಮೆ ಹಾಗೆ ಆಣೆಯಾದರೆ ಆ ಎರಡು ಮನೆಗಳ ನಡುವೆ ಮುಂದೆ ಊಟವೂ ಇಲ್ಲ, ಮಾತೂ ಇಲ್ಲ.

ನಾನು ಪಂಚರಿಗೆ ಅತಿಥಿಯ ಪರಿಚಯ ಹೇಳಿ, ಇದನ್ನೆಲ್ಲ ಕೇಳಿಕೊಳ್ಳುವಷ್ಟರಲ್ಲಿ ಸಾಹೇಬರು ಬೂಟು ಕಳಚಿ, ಅರಿಸಿನದ ಭಂಡಾರ ಚೆಲ್ಲಿದ್ದ ಕರಿ ಕಂಬಳಿಯ ಮೇಲೆ ಕುಳಿತುಬಿಟ್ಟಿದ್ದರು. ತಮಗಾಗಿಯೇ ಹಾಸಿದ್ದಾರೆಂದು ಅವರು ತಿಳಿದಿದ್ದರು. ಅದು ದೇವರ ಗದ್ದುಗೆ. ಬಿಳಿ ಪ್ಯಾಂಟು ಹಳದಿಯಾಗಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ತಪ್ಪಾಯಿತೆಂದು ತಿಳಿದು ಸಾಹೇಬರು ಏಳಹೋದಾಗ ಮುದಿ ಪೂಜಾರಿ ಕೈಯೆತ್ತಿ ತಡೆದ.

"ಗದ್ದಿಗಿ ಮ್ಯಾಲ ಕುಂತಾರಂದ್ರ ಖರೇ ಹೇಳಿನ ಏಳಬೇಕ್ರಿ. ಹುಟ್ಟಿದ ನಾಡು ಯಾಕ ಬಿಟ್ರಂತ ಕೇಳ್ರಿ."

ಸಾಹೇಬರು ಕುಳಿತಲ್ಲೇ ಹೇಳಿದರು. ತಮ್ಮ ನಾಡಿನಲ್ಲಿ ಹೊಸದಾಗಿ ಅಧಿಕಾರ ಹಿಡಿದವರು ತಾವು ಕಲಿಸುತ್ತಿದ್ದ ಕಾಲೇಜಿನವರಿಂದೆಲ್ಲ ನಿಷ್ಠೆಯ ಪ್ರಮಾಣ ಮಾಡಿಸಿದರಂತೆ. ಇವರು ಮಾಡಲಿಲ್ಲ, ಅಲ್ಲೇ ಕಲಿಸುತ್ತಿದ್ದ ಇವರ ಅಣ್ಣ ಮಾಡಿದ. ಅವನೊಂದಿಗೆ ಮಾತು ಬಿಟ್ಟು ಇವರು ಹಡಗು ಹತ್ತಿದರು. ಯುದ್ಧದಲ್ಲಿ ಅವನು ತೀರಿಕೊಂಡ. ಪ್ರಮಾಣ ಮಾಡದ್ದಕ್ಕೆ ಪಶ್ಚಾತ್ತಾಪವಿಲ್ಲ, ಆದರೆ ಹೊರಡುವ ಮುಂಚೆ ಅವನ ಮನೆಗೆ ಹೋಗಿ ಬರಬಹುದಿತ್ತು ಎಂದರು. ನಾನು ಒಂದು ಪದವನ್ನೂ ಸೇರಿಸದೆ ಕನ್ನಡದಲ್ಲಿ ಹೇಳಿದೆ.

ವ್ಯಾಜ್ಯದ ಇಬ್ಬರಲ್ಲಿ ತಮ್ಮನಾದವನು ಗದ್ದುಗೆಯ ಎದುರು ಬಂದು ನಿಂತ. ಭಂಡಾರಕ್ಕೆ ಕೈ ಚಾಚಲಿಲ್ಲ.

"ಯಣ್ಣಾ, ಮಾತು ಕೊಟ್ಟಿದ್ದು ಖರೇ. ಆದ್ರ ನಿನ್ನ ಕೈಯಾಗ ಕುರಿ ಕಾಯೂದು ನನಗ ಸಾಕಾಗೇದ."

"ಇಷ್ಟ ಮೊದಲ ಹೇಳಾಕ ಏನಾಗಿತ್ತಲೇ? ಊರ ಮಂದಿನ್ನೆಲ್ಲಾ ಬಿಸಲಾಗ ಕುಂದರಿಸಿದಿ," ಎಂದ ಅಣ್ಣ. ಆಮೇಲೆ, "ಹಿಂಡು ಹಂಚಕೋ. ಊಟಕ್ಕ ಮನಿಗೆ ಬಾ."

ಸಾಹೇಬರಿಗೆ ಈಗ ಏಳಬಹುದೆಂದು ನಾನೇ ಹೇಳಬೇಕಾಯಿತು. ಮಧ್ಯಾಹ್ನ ಅಣ್ಣನ ಮನೆಯಲ್ಲಿ ಎಲ್ಲರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ. ಸಾಹೇಬರು ಬೇಡವೆಂದರೂ ತಮ್ಮ ಬಡಿಸುತ್ತಲೇ ಇದ್ದ. ಪತ್ರಿಕೆಗೆ ನಾನು ಬರೆದದ್ದು ಭೇಟಿಯ ನಾಲ್ಕು ಸಾಲು ಮಾತ್ರ. ಉಳಿದದ್ದನ್ನು ಸಾಹೇಬರು ಹೇಳಿದ್ದು ಆ ಅಣ್ಣತಮ್ಮಂದಿರಿಗೆ, ಪತ್ರಿಕೆಗಲ್ಲ; ನನ್ನ ಬಾಯಿಂದ ಹೇಳಿಸಿದ್ದಕ್ಕೆ ನಾನು ಇಂದಿಗೂ ಅವರಿಗೆ ಋಣಿ.