ಲೈಟ್ ಹಾಕಿದರೆ ಕೂಗುವ ವ್ಯಾನು

ಚಳ್ಳಕೆರೆಯ ಮಹಾಜನರೇ, ವೈಚಾರಿಕ ಬಂಧುಗಳೇ! ನನ್ನ ಸೆಕೆಂಡ್ ಹ್ಯಾಂಡ್ ವ್ಯಾನು ಇಂದು ಲೈಟ್ ಹಾಕಿದರೆ ಹಾರ್ನ್ ಹೊಡೆಯಿತು, ಹಾರ್ನ್ ಒತ್ತಿದರೆ ಲೈಟ್ ಹಚ್ಚಿತು. ಸಂಜೆ ತಮ್ಮನಿಗೆ ಹೆಣ್ಣು ನೋಡಲು ಮೊಳಕಾಲ್ಮುರಿಗೆ ಹೋಗಬೇಕು. ಕತ್ತಲಲ್ಲಿ ದಾರಿಯುದ್ದಕ್ಕೂ ಊರೂರು ಎಬ್ಬಿಸಿಕೊಂಡು ಬರಲಾದೀತೇ?

"ಗಾಡಿಗೆ ದೃಷ್ಟಿ ತಾಕೈತೆ," ಎಂದಳು ಅವ್ವ.

"ಮೂಢನಂಬಿಕೆ ಬಿಡವ್ವ, ವೈರಿಂಗ್ ಕೆಟ್ಟೈತೆ," ಎಂದೆ.

ಎಲೆಕ್ಟ್ರಿಷಿಯನ್ ಬಾಬು ಬಂಪರ್ ಹಿಂದೆ ಕೈಹಾಕಿ, ಒಣಗಿದ ನಿಂಬೆಹಣ್ಣೊಂದನ್ನು ಎಳೆದ. "ಇದನ್ನ ಕಟ್ಟಿರೋ ತಂತೀನೇ ಸಾರ್, ಲೈಟು, ಹಾರ್ನು ಎರಡರ ವೈರ್‌ಗೂ ತಾಗೈತೆ."

ನಾನು ಗುಡುಗಿದೆ: "ನೋಡವ್ವ! ನಿನ್ನ ನಿಂಬೆಹಣ್ಣು, ನನ್ನ ಗಾಡಿಗೆ ಹುಣ್ಣು!"

"ನಾನ್ ಕಟ್ಟಿದ್ರೆ ಊರಿಗೆಲ್ಲ ಕಾಣಂಗೆ ಮುಂದೆ ಕಟ್ತಿದ್ದೆ ಕಣಪ್ಪ," ಎಂದಳು ಅವ್ವ. "ಹಿಂಗೆ ಕದ್ದು ಯಾರು ಕಟ್ಟಿದ್ರೋ!"

ಬಾಬು ನನ್ನನ್ನೇ ನೋಡಿದ.

ಬಂಧುಗಳೇ, ಕಟ್ಟಿದ್ದು ನಾನೇ.