ನೆಲದ ಹತ್ತಿರ ಹಿಡಿದ ದೀಪ

ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬೇಡ ಎಂದು ನನಗೆ ಕಲಿಸಿದವರೇ ಕಣ್ಣಿನ ಸಂಶೋಧಕರು. ಹಾಗಾಗಿ ಇದನ್ನು ಬರೆಯುವ ಮೊದಲು ಬಹಳ ಯೋಚಿಸಿದ್ದೇನೆ. ದಿನವೂ ದಿನಚರಿ ಬರೆಯುವವನು ನಾನು. ಆ ದಿನ ಗುರುತು ಹಾಕಿಕೊಂಡದ್ದಕ್ಕಿಂತ ಒಂದು ಮಾತನ್ನೂ ಇಲ್ಲಿ ಹೆಚ್ಚು ಸೇರಿಸಿಲ್ಲ.

ನಡೆದದ್ದು ತುಮರಿಯಲ್ಲಿ. ಶರಾವತಿಯ ಹಿನ್ನೀರು ಏರಿ ಒಂದು ಮಳೆಗಾಲ ಕಳೆದಿತ್ತು.

ನಾನು ಸಹಾಯಕನಾಗಿದ್ದ ಡಾಕ್ಟರು ಅಕ್ಷಿಪಟಲದ ಮೇಲೆ, ಅಂದರೆ ಕಣ್ಣಿನ ಹಿಂಬದಿಯ ತೆಳು ಪರದೆಯ ಮೇಲೆ, ವರ್ಷಗಟ್ಟಲೆ ಕೆಲಸ ಮಾಡಿದವರು. "ಅದು ಮಿದುಳಿನದೇ ತುಂಡು ಕಣಯ್ಯ, ಹೊರಗೆ ಇಣುಕ್ತಾ ಕೂತಿದೆ" ಎನ್ನುತ್ತಿದ್ದರು. ಇರುಳುಗುರುಡು ಕೆಲವು ಮನೆತನಗಳಲ್ಲಿ ಹೇಗೆ ಇಳಿದುಬರುತ್ತದೆ ಎಂದು ತಿಳಿಯಲು ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿ ಇಲ್ಲಿಗೆ ಬಂದಿದ್ದೆವು.

ಆ ಸಂಜೆ ಕೊನೆಯದಾಗಿ ಬಂದವಳು ದ್ಯಾವಮ್ಮ. ಹೊತ್ತು ಮುಳುಗಿದರೆ ಅವಳಿಗೆ ಏನೂ ಕಾಣದು. ತನ್ನ ಕಣ್ಣಿನ ಆಸೆಯನ್ನು ಅವಳು ಬಿಟ್ಟಾಗಿತ್ತು. ಏಳು ವರ್ಷದ ಮಗಳು ಗೌರಿಯನ್ನು ಮುಂದೆ ತಳ್ಳಿ, "ಇದಕ್ಕೂ ನಂದೇ ಬಂದದೆಯಾ ಹೇಳಿ, ಅಷ್ಟು ಸಾಕು" ಎಂದಳು.

ಪರೀಕ್ಷೆಗೆಂದು ಊರ ಶಾಲೆಯ ಕೋಣೆಯ ಕಿಟಕಿಗಳಿಗೆ ಕಂಬಳಿ ಹೊಡೆದಿದ್ದೆವು. ಮೊದಲು ಅರ್ಧ ಗಂಟೆ ಸುಮ್ಮನೆ ಕತ್ತಲಲ್ಲಿ ಕೂರಬೇಕು, ಕಣ್ಣು ಪಳಗಲು.

"ಕತ್ಲಲ್ಲಿ ಕೂರ್ಸಕ್ಕೆ ಇಷ್ಟು ಓದ್ಬೇಕಾ? ನಮ್ಮನೇಲಿ ದಿನಾ ಇದೇ" ಎಂದು ದ್ಯಾವಮ್ಮ ಗೋಡೆಯ ಬದಿಯಿಂದ ನಕ್ಕಳು.

ಡಾಕ್ಟರು ಹೊರಗೆ ಬಾಗಿಲ ಪಕ್ಕದಲ್ಲೇ ಕೂತರು, ಯಾರೂ ಬಾಗಿಲು ತೆಗೆಯದಂತೆ. ಒಳಗಿದ್ದವರು ನಾವು ಮೂವರೇ.

ಮೇಜಿನ ಮೇಲೆ ಸಣ್ಣ ಪೆಟ್ಟಿಗೆ, ಅದರೊಳಗೆ ಮಂಕು ಬಲ್ಬು. ನಾನು ಮುಚ್ಚಳ ಟಕ್ಕೆಂದು ಸರಿಸಿ "ಕಂಡ್ತಾ?" ಎಂದು ಕೇಳಬೇಕು. ಊಹಿಸಿ ಹೇಳುವವರನ್ನು ಹಿಡಿಯಲು ನಡುನಡುವೆ ಬೆಳಕು ಬಿಡದೆ ಬರೀ ಟಕ್ಕೆನಿಸುವುದೂ ಉಂಟು.

ಟಕ್. ನನ್ನ ಕಣ್ಣಿಗೆ ಬೆಳಕು ಸ್ಪಷ್ಟವಾಗಿತ್ತು. "ಕಂಡ್ತಾ ಗೌರಿ?"

"ಇಲ್ಲ."

ಬೆಳಕು ಹೆಚ್ಚಿಸಿದೆ. ಇಲ್ಲ. ಇನ್ನೂ ಹೆಚ್ಚಿಸಿದೆ. ಇಲ್ಲ... ಗೋಡೆಯ ಬದಿಯಲ್ಲಿ ಬಳೆಯ ಸದ್ದು ನಿಂತಿತು.

ಆಮೇಲೆ ಬೆಳಕು ಬಿಡದೆ ಟಕ್ಕೆನಿಸಿದೆ.

"ಕಂಡ್ತು" ಎಂದಿತು ಮಗು.

"ಎಲ್ಲಿ?"

"ಮೂಲೇಲಿ. ಕೆಳಗೆ... ಯಾರೋ ದೀಪ ಹಿಡ್ಕಂಡು ಬತ್ತಾ ಇದಾರೆ."

ನಾನು ತಿರುಗಿದೆ. ಮೂಲೆಯಲ್ಲಿ, ನೆಲದಿಂದ ಗೇಣು ಮೇಲೆ, ಅರಿಸಿನ ಬಣ್ಣದ ಒಂದು ಬೆಳಕು. ಸುತ್ತ ಏನನ್ನೂ ಬೆಳಗದ ಬೆಳಕು. ಹೊಂಗೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸರ್... ಸರ್... ಒಂದು ಕಾಲು ಎಳೆದು ನಡೆಯುವ ಸದ್ದು. ಅದು ಕೋಣೆಯನ್ನು ಅಡ್ಡ ಹಾಯ್ದು ಬಂದು ನಿಂತಿತು. ಆಮೇಲೆ ಇಲ್ಲ.

"ಅವ್ವ" ಎಂದಳು ದ್ಯಾವಮ್ಮ, ಬಹಳ ಮೆಲ್ಲಗೆ.

ನಾನು ತಡಕಾಡಿ ಬಾಗಿಲು ತೆಗೆದೆ. ಡಾಕ್ಟರು ಕೂತಲ್ಲೇ ಇದ್ದರು. ಒಳಗೆ ಯಾರೂ ಹೋಗಿರಲಿಲ್ಲ.

ದ್ಯಾವಮ್ಮನ ತಾಯಿಗೆ ಎಡಗಾಲು ಊನವಿತ್ತಂತೆ. ಗೌರಿ ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಅವಳ ಮನೆ ಈಗ ನೀರಿನಡಿ.

"ನಿಮಗೂ ಕಂಡ್ತಾ ಅಯ್ಯ?" ದ್ಯಾವಮ್ಮ ನನ್ನ ತೋಳು ಹಿಡಿದಳು. "ನಂಗೆ ಸಪ್ಳ ಮಾತ್ರ ಕೇಳ್ತು."

"ಕಂಡಿತು."

"ಹಂಗಾರೆ ದೀಪ ಇತ್ತು. ಇದ್ದದ್ದನ್ನೇ ಮಗು ಕಂಡದೆ. ಅದರ ಕಣ್ಣು ಸಮ ಅದೆ, ಅಲ್ವಾ?"

ಅವಳ ಮುಖ ಹಾಗೆ ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ. ಡಾಕ್ಟರು ನೆಲ ನೋಡುತ್ತ, ಕತ್ತಲಲ್ಲಿ ಅಕ್ಷಿಪಟಲ ತಾನೇ ಬೆಳಕು ಕಟ್ಟಿಕೊಳ್ಳುತ್ತದೆ ಎಂದು ವಿವರಿಸಿದರು. "ಇಬ್ಬರಿಗೂ ಒಂದೇ ಮೂಲೆಯಲ್ಲಿ ಕಂಡದ್ದಾ ಸಾರ್?" ಎಂದೆ. ಅವರು ಒಳಗೆ ಹೋಗಿ ಕಿಟಕಿಯ ಕಂಬಳಿ ಬಿಚ್ಚತೊಡಗಿದರು.

ಮನೆಯವರೆಗೆ ಬಿಡಲು ನಾನು ಟಾರ್ಚ್ ಹಿಡಿದು ಹೊರಟೆ. ಜಗಲಿಯಿಂದ ಇಳಿಯುವಾಗ ಗೌರಿ ಮೆಟ್ಟಿಲು ತಪ್ಪಿ ಬಿದ್ದಳು.

"ಎಂತಾಯ್ತೇ?"

"ಮೆಟ್ಲು ಕಾಣ್ಲಿಲ್ಲ."

ದ್ಯಾವಮ್ಮ ನಿಂತೇ ಇದ್ದಳು. ನನಗೋ ತನಗೋ ಎಂಬಂತೆ ಹೇಳಿದಳು: "ಅವ್ವ ಯಾವಾಗ್ಲೂ ದೀಪ ಎತ್ತಿ ಹಿಡಿಯೋಳು. ನಾನು ಜೊತೆಗಿದ್ರೆ ಮಾತ್ರ ನೆಲಕ್ಕೆ ಬಗ್ಗಿಸೋಳು. ಕಾಣದವಳ ಕಾಲಿಗೆ ಅಂತ..."

ಆಮೇಲೆ ಕೇಳಿದಳು. "ದೀಪ ಎಲ್ಲಿ ಬಂದು ನಿಂತಿತ್ತು? ನನ್ನ ಹತ್ರವಾ?"

ನಾನು ಬಾಯಿ ತೆರೆಯುವ ಮೊದಲೇ ಮಗು ಹೇಳಿತು.

"ಅಲ್ಲವ್ವ. ನನ್ನ ಕಾಲ ಹತ್ರ."

ದ್ಯಾವಮ್ಮ ಮಗಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ತನಗೇ ಕಾಣದ ದಾರಿಯಲ್ಲಿ, ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದಳು.

ಈಗಲೂ ಅದೇ ಕೆಲಸದಲ್ಲಿದ್ದೇನೆ. ಬೆಳಕು ಬಿಡದೆ ಟಕ್ಕೆನಿಸಿದಾಗಲೆಲ್ಲ ನನ್ನ ಕಣ್ಣು ಪೆಟ್ಟಿಗೆಯತ್ತ ಹೋಗುವುದಿಲ್ಲ. ಎದುರು ಕೂತ ಮಗುವಿನ ಕಾಲ ಬಳಿ ಹೋಗುತ್ತದೆ. ಅಲ್ಲಿ ಏನೂ ಕಾಣದಿರಲಿ ಎಂದುಕೊಳ್ಳುತ್ತೇನೆ...